‘ಆಕ್ಸೆಸ್ ಡಿನೈಡ್’ ಬಂದಾಗ: ಸ್ಟಾರ್ಟಪ್ ಪಟ್ಟಿಯ ಬೀಗದ ಕೈ ಯಾರ ಹತ್ತಿರ ಇದೆ?

ಮಳೆಗಾಲ ಹಿಡಿಯಿತೆಂದರೆ ನಮ್ಮ ಮಲೆನಾಡಿನಲ್ಲಿ ಕರೆಂಟನ್ನು ನಂಬಿ ಕೂರುವ ಹಾಗಿಲ್ಲ. ಬೆಳಿಗ್ಗೆ ಹೋಗುತ್ತದೆ, ಹತ್ತು ಗಂಟೆಗೆ ಬರುತ್ತದೆ. ಆಗುಂಬೆ ಕಡೆ ಎಲ್ಲೋ ಒಂದು ಮರ ಲೈನಿನ ಮೇಲೆ ಬಿತ್ತೋ, ಮತ್ತೆ ಕತ್ತಲೆ. ಯುಪಿಎಸ್ ಬ್ಯಾಟರಿ ಹಳತಾದ ಅಂಗಡಿಗಳಲ್ಲಿ ಕಂಪ್ಯೂಟರನ್ನು ದಿನಕ್ಕೆ ನಾಲ್ಕೈದು ಸಲ ಹೊಸದಾಗಿ ಆನ್ ಮಾಡಬೇಕು. ಬೇರೆ ಕಡೆಯವರು ಬೆಳಿಗ್ಗೆ ಒಂದು ಸಲ ಕಾದರೆ ಮುಗಿಯಿತು. ನಮ್ಮವರು ಪ್ರತಿ ಸಲವೂ ಕಾಯಬೇಕು. ಆ ಕಾಯುವ ಹೊತ್ತನ್ನು ಉದ್ದ ಮಾಡುವುದು ಬಹಳ ಸಲ ಸ್ಟಾರ್ಟಪ್ ಪ್ರೋಗ್ರಾಮ್‌ಗಳು. ಅಂದರೆ, ವಿಂಡೋಸ್ ತೆರೆದ ಕೂಡಲೇ ಯಾರೂ ಕರೆಯದೆ ತಾವೇ ಎದ್ದು ಕೂರುವ ಸಾಫ್ಟ್‌ವೇರ್‌ಗಳು.

ಕಂಪ್ಯೂಟರ್ ರಿಪೇರಿ ನನ್ನ ಕಸುಬು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನಗೆ ಬರುವ ಫೋನುಗಳಲ್ಲಿ ‘ಸಿಸ್ಟಮ್ ಭಾರಿ ಸ್ಲೋ ಆಗಿದೆ ಮಾರಾಯ್ರೇ’ ಎಂಬುದೇ ಜಾಸ್ತಿ. ಪಟ್ಟಿಯಿಂದ ಬೇಡದ್ದನ್ನು ತೆಗೆಯಿರಿ ಎಂದು ಹೇಳುವುದು ಸುಲಭ. ತೆಗೆಯಲು ಹೋದರೆ ‘ಆಕ್ಸೆಸ್ ಈಸ್ ಡಿನೈಡ್’, ಅಂದರೆ ನಿಮಗೆ ಅನುಮತಿ ಇಲ್ಲ, ಎಂಬ ಸಂದೇಶ ಅಡ್ಡ ಬರುತ್ತದೆ. ಕೆಲವರು ಅಲ್ಲಿಗೇ ಕೈಬಿಡುತ್ತಾರೆ. ಇನ್ನು ಕೆಲವರು ಯಾವುದೋ ವಿಡಿಯೋ ನೋಡಿ ಸಿಕ್ಕಿದ ಬೀಗವನ್ನೆಲ್ಲ ಒಡೆಯುತ್ತಾರೆ. ಎರಡೂ ಬೇಡ. ಆ ಸಂದೇಶ ಬಂದಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಸಾಲು ಯಾರಿಗೆ ಸೇರಿದ್ದು?

ಯಾಕೆಂದರೆ ವಿಂಡೋಸ್‌ನಲ್ಲಿ ಸ್ಟಾರ್ಟಪ್ ಪಟ್ಟಿ ಒಂದೇ ಕಡೆ ಇಲ್ಲ. ಓಡುತ್ತಿರುವ ಪ್ರೋಗ್ರಾಮ್‌ಗಳನ್ನು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದರೆ ಒಂದೇ ಪಟ್ಟಿ ಕಾಣುತ್ತದೆ, ನಿಜ. ಆದರೆ ಅದರೊಳಗಿನ ಸಾಲುಗಳು ಬೇರೆ ಬೇರೆ ಜಾಗದಿಂದ ಬಂದವು. ನಮ್ಮ ಕಡೆಯ ಹಳೆಯ ಕೂಡುಮನೆಯನ್ನು ನೆನಪು ಮಾಡಿಕೊಳ್ಳಿ. ನಿಮ್ಮ ಕೋಣೆಯ ಟ್ರಂಕು ನಿಮ್ಮದು. ತೆಗೆಯಿರಿ, ಇಡಿ, ಯಾರೂ ಕೇಳುವುದಿಲ್ಲ. ಕಣಜದ ಭತ್ತ ಇಡೀ ಮನೆಯದ್ದು. ಅದರ ಬೀಗದ ಕೈ ಯಜಮಾನರ ಸೊಂಟದಲ್ಲಿರುತ್ತದೆ. ಇನ್ನು ಮನೆಯ ಕಂಬ, ತೊಲೆ. ಅವಕ್ಕೆ ಯಜಮಾನರೂ ಸುಮ್ನೆ ಕೊಡಲಿ ಹಾಕುವ ಹಾಗಿಲ್ಲ.

ಸ್ಟಾರ್ಟಪ್ ಸಾಲುಗಳಲ್ಲೂ ಹೀಗೆ ಮೂರು ಬಗೆ. ಮೊದಲನೆಯದು ನಿಮ್ಮ ಟ್ರಂಕು. ಲಾಗಿನ್ ಆದವರಿಗೆ ಮಾತ್ರ ಸೇರಿದ ಸಾಲುಗಳು ಇಲ್ಲಿರುತ್ತವೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ‘ಎಚ್‌ಕೀ ಕರೆಂಟ್ ಯೂಸರ್’ ಎಂಬ ವಿಭಾಗದ ಒಳಗೆ ‘ರನ್’ ಎಂಬ ಜಾಗವಿದೆ, ಅಲ್ಲಿ ಕೆಲವು ಸಾಲುಗಳು. ನಿಮ್ಮ ಹೆಸರಿನ ಸ್ಟಾರ್ಟಪ್ ಫೋಲ್ಡರ್‌ನಲ್ಲಿ ಇನ್ನು ಕೆಲವು. ಆ ಫೋಲ್ಡರ್ ನೋಡಬೇಕಾದರೆ ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಇಂಗ್ಲಿಷ್ ಅಕ್ಷರದಲ್ಲಿ ‘ಶೆಲ್’ ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ‘ಸ್ಟಾರ್ಟಪ್’ ಎಂದು ಬರೆದು ಎಂಟರ್ ಒತ್ತಿ. ಇಲ್ಲಿರುವುದನ್ನು ತೆಗೆಯಲು ಯಾರ ಪಾಸ್‌ವರ್ಡೂ ಬೇಡ.

ಎರಡನೆಯದು ಕಣಜ. ಆ ಕಂಪ್ಯೂಟರ್‌ಗೆ ಯಾರೇ ಲಾಗಿನ್ ಆದರೂ ಏಳುವ ಪ್ರೋಗ್ರಾಮ್‌ಗಳು ಇಲ್ಲಿರುತ್ತವೆ. ರಿಜಿಸ್ಟ್ರಿಯ ‘ಎಚ್‌ಕೀ ಲೋಕಲ್ ಮಷೀನ್’ ವಿಭಾಗದಲ್ಲೂ ಒಂದು ‘ರನ್’ ಇದೆ. ಎಲ್ಲರಿಗೂ ಸೇರಿದ ಇನ್ನೊಂದು ಸ್ಟಾರ್ಟಪ್ ಫೋಲ್ಡರ್ ‘ಪ್ರೋಗ್ರಾಮ್‌ಡೇಟಾ’ ಒಳಗಿದೆ. ಹಿನ್ನೆಲೆಯಲ್ಲಿ ಓಡುವ ಸರ್ವಿಸ್‌ಗಳು ಮತ್ತು ಹೇಳಿದ ಹೊತ್ತಿಗೆ ಕೆಲಸ ಶುರುಮಾಡುವ ಟಾಸ್ಕ್ ಶೆಡ್ಯೂಲರ್‌ನ ಬಹುಪಾಲು ಕೆಲಸಗಳನ್ನೂ ಈ ಲೆಕ್ಕಕ್ಕೇ ಸೇರಿಸಿಕೊಳ್ಳಿ. ಇಲ್ಲಿ ಕೈ ಹಾಕಲು ಅಡ್ಮಿನಿಸ್ಟ್ರೇಟರ್ (ಚುಟುಕಾಗಿ ಅಡ್ಮಿನ್), ಅಂದರೆ ಕಂಪ್ಯೂಟರಿನ ಯಜಮಾನರ, ಅಧಿಕಾರ ಬೇಕು. ಇದು ಸುಮ್ಮನೆ ಹಾಕಿದ ಬಿಗಿ ಅಲ್ಲ. ಈ ಜಾಗದಲ್ಲಿ ಒಂದು ಸಾಲು ಬರೆದರೆ ಅದು ಸಾಹುಕಾರರು ಲಾಗಿನ್ ಆದಾಗಲೂ ಓಡುತ್ತದೆ. ಯಾರು ಬೇಕಾದರೂ ಇಲ್ಲಿ ಬರೆಯಬಹುದು ಎಂದಾಗಿದ್ದರೆ, ಪೆನ್ ಡ್ರೈವ್‌ನಲ್ಲಿ ಬಂದ ಒಂದು ಕೆಟ್ಟ ಫೈಲು ಕೆಲಸದ ಹುಡುಗನ ಲಾಗಿನ್‌ನಿಂದ ಎಲ್ಲರ ಲಾಗಿನ್‌ಗೂ ದಾಟುತ್ತಿತ್ತು.

ಮೂರನೆಯದು ಕಂಬ, ತೊಲೆ. ಅದನ್ನು ಆಮೇಲೆ ನೋಡೋಣ.

ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪುಟದಲ್ಲಿ ಮೇಲಿನ ಶೀರ್ಷಿಕೆ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ಸ್ಟಾರ್ಟಪ್ ಟೈಪ್’, ‘ಕಮ್ಯಾಂಡ್ ಲೈನ್’ ಎಂಬ ಇನ್ನೆರಡು ಕಾಲಂ ಸೇರಿಸಿಕೊಳ್ಳಬಹುದು. ಸಾಲು ರಿಜಿಸ್ಟ್ರಿಯದ್ದೋ ಫೋಲ್ಡರಿನದ್ದೋ, ಅದು ಕರೆಯುವ ಫೈಲು ಎಲ್ಲಿದೆ, ಇಷ್ಟು ತಿಳಿಯುತ್ತದೆ. ಆದರೆ ಅದು ನಿಮ್ಮ ರಿಜಿಸ್ಟ್ರಿಯದ್ದೋ ಎಲ್ಲರದ್ದೋ ಎಂದು ಅಲ್ಲಿ ಕಾಣುವುದಿಲ್ಲ. ಅದಕ್ಕೆ ನಾನು ಆಟೋರನ್ಸ್ ಬಳಸುತ್ತೇನೆ. ಸಿಸ್‌ಇಂಟರ್ನಲ್ಸ್ ಎಂಬ ಜಾಲತಾಣದವರು ಮಾಡಿದ ಉಚಿತ ಸಾಧನ. 2006ರಲ್ಲಿ ಅವರ ವಿಂಟರ್ನಲ್ಸ್ ಕಂಪನಿಯನ್ನೂ ಆ ತಾಣವನ್ನೂ ಮೈಕ್ರೋಸಾಫ್ಟ್ ಕೊಂಡುಕೊಂಡಿತು, ಈಗ ಮೈಕ್ರೋಸಾಫ್ಟ್ ತಾಣದಲ್ಲೇ ಸಿಗುತ್ತದೆ. ಇನ್‌ಸ್ಟಾಲ್ ಮಾಡಬೇಕಿಲ್ಲ. ಅದರ ‘ಲಾಗಾನ್’ ಪುಟದಲ್ಲಿ ಪ್ರತಿ ಸಾಲಿನ ಗುಂಪಿನ ಮೇಲೂ ಅದು ಯಾವ ಜಾಗದ್ದು ಎಂದು ಬರೆದಿರುತ್ತದೆ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ನೋಡಿದರೆ ಸಾಕು, ಮೇಲೆ ಹೇಳಿದ ಎರಡು ವಿಭಾಗಗಳ ಚುಟುಕು ಹೆಸರು ಅವು. ‘ಎಚ್‌ಕೆಸಿಯು’ ಅಂದರೆ ನಿಮ್ಮ ಟ್ರಂಕು, ‘ಎಚ್‌ಕೆಎಲ್‌ಎಂ’ ಅಂದರೆ ಕಣಜ.

ಇಷ್ಟು ಹೇಳಿದರೆ ಬಹಳ ಜನ ಕೇಳುವ ಮಾತು ಒಂದಿದೆ. ‘ನನ್ನದೇ ಕಂಪ್ಯೂಟರ್, ನಾನೇ ಅಡ್ಮಿನ್. ನನಗೂ ಆಗಲ್ಲ ಅಂತದಲ್ಲ, ಎಂತ ಇದು?’

ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ತೆರೆದು ‘ಯುವರ್ ಇನ್ಫೋ’ ನೋಡಿದರೆ ಅವರ ಹೆಸರಿನ ಕೆಳಗೆ ಅಡ್ಮಿನಿಸ್ಟ್ರೇಟರ್ ಎಂದೇ ಇರುತ್ತದೆ. ಆದರೂ ಆಗುವುದಿಲ್ಲ. ಇದರ ಕಾರಣ 2007ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾದಿಂದ ಶುರುವಾಗುತ್ತದೆ. ಅದಕ್ಕೂ ಮೊದಲು, ಎಕ್ಸ್‌ಪಿ ಕಾಲದಲ್ಲಿ, ಅಡ್ಮಿನ್ ಆಗಿ ಒಳಗೆ ಬಂದವರು ತೆರೆದ ಪ್ರತಿಯೊಂದು ಪ್ರೋಗ್ರಾಮಿಗೂ ಪೂರ್ತಿ ಅಧಿಕಾರ ಸಿಗುತ್ತಿತ್ತು. ಹಾಡು ಕೇಳುವ ಪ್ಲೇಯರ್‌ಗೂ ಸಿಗುತ್ತಿತ್ತು, ಜೊತೆಗೆ ಬಂದ ವೈರಸ್‌ಗೂ ಸಿಗುತ್ತಿತ್ತು. ವಿಸ್ಟಾ ಯೂಸರ್ ಅಕೌಂಟ್ ಕಂಟ್ರೋಲ್ ತಂದಿತು. ಅಂದಿನಿಂದ ಅಡ್ಮಿನ್ ಲಾಗಿನ್ ಆದಾಗ ವಿಂಡೋಸ್ ಎರಡು ಟೋಕನ್, ಅಂದರೆ ಅಧಿಕಾರದ ಚೀಟಿ, ತಯಾರು ಮಾಡುತ್ತದೆ. ಒಂದು ಪೂರ್ತಿ ಅಧಿಕಾರದ್ದು. ಇನ್ನೊಂದು ಅಧಿಕಾರ ಕತ್ತರಿಸಿದ ಸಾದಾ ಟೋಕನ್. ಡೆಸ್ಕ್‌ಟಾಪ್ ತೆರೆಯುವುದು ಸಾದಾ ಟೋಕನ್ ಹಿಡಿದು. ಅಲ್ಲಿಂದ ಡಬಲ್ ಕ್ಲಿಕ್ ಮಾಡಿದ್ದೆಲ್ಲ ಅದೇ ಟೋಕನ್ ಹಿಡಿದು ಹೋಗುತ್ತದೆ. ಪೂರ್ತಿ ಟೋಕನ್ ಬೇಕಾದಾಗ ನೀವು ಬಾಯಿಬಿಟ್ಟು ಕೇಳಬೇಕು. ರೈಟ್ ಕ್ಲಿಕ್ ಮಾಡಿ ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಒತ್ತುವುದು ಎಂದರೆ ಹಾಗೆ ಕೇಳುವುದು.

ಆದ್ದರಿಂದ ಕಣಜದ ಸಾಲಿನಲ್ಲಿ ಆಕ್ಸೆಸ್ ಡಿನೈಡ್ ಬಂದರೆ ಮೊದಲ ಮದ್ದು ಇದೇ. ಸಾಧನವನ್ನು ಮುಚ್ಚಿ, ರೈಟ್ ಕ್ಲಿಕ್ ಮಾಡಿ, ಅಡ್ಮಿನಿಸ್ಟ್ರೇಟರ್ ಆಗಿ ಮತ್ತೆ ತೆರೆಯಿರಿ. ಪೂರ್ತಿ ಟೋಕನ್ ಸಿಕ್ಕಿದೆಯೋ ಇಲ್ಲವೋ ಎಂಬ ಅನುಮಾನ ಇದ್ದರೆ ಕಮ್ಯಾಂಡ್ ಪ್ರಾಂಪ್ಟನ್ನು (ಆಜ್ಞೆಗಳನ್ನು ಬರೆದು ಕೊಡುವ ಕಪ್ಪು ಕಿಟಕಿ) ಅದೇ ರೀತಿ ತೆರೆದು ಅದರ ನೆತ್ತಿಯ ಪಟ್ಟಿ ನೋಡಿ. ‘ಅಡ್ಮಿನಿಸ್ಟ್ರೇಟರ್’ ಎಂಬ ಪದ ಅಲ್ಲಿ ಇದ್ದರೆ ಸಿಕ್ಕಿದೆ. ಇಲ್ಲದಿದ್ದರೆ ಇಲ್ಲ. ನನ್ನ ಅನುಭವದಲ್ಲಿ ಅರ್ಧಕ್ಕಿಂತ ಜಾಸ್ತಿ ದೂರುಗಳು ಇಲ್ಲಿಗೇ ಮುಗಿಯುತ್ತವೆ.

ಮುಗಿಯದ ಒಂದನ್ನು ಹೇಳಬೇಕು. ಇದು ನನಗೇ ಒಂದು ಇಡೀ ಮಧ್ಯಾಹ್ನ ತಿಂದ ಸಮಸ್ಯೆ.

ಶಿವಮೊಗ್ಗದ ಒಂದು ಅಡಿಕೆ ಮಂಡಿ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬಗೆಬಗೆಯ ಅಡಿಕೆಯ ಮೂಟೆಗಳು ಗೋಡೆಯವರೆಗೆ. ಮಾರಾಟದ ಲೆಕ್ಕದ ಚೀಟಿಗಾಗಿ ಕಾದ ಬೆಳೆಗಾರರು ಬೆಂಚಿನ ಮೇಲೆ. ಕರೆಂಟು ಈಗಷ್ಟೇ ಬಂದಿತ್ತು. ಮಂಡಿಯ ಲೆಕ್ಕ ಬರೆಯುವ ರೈಟರು ಕಂಪ್ಯೂಟರ್ ಆನ್ ಮಾಡಿ ಕೂತಿದ್ದರು. ಮೊದಲು ಪ್ರಿಂಟರಿನ ಸಹಾಯಕ ಪ್ರೋಗ್ರಾಮ್ ಎದ್ದು ಇಂಕು ಕಡಿಮೆಯಾಗಿದೆ ಎಂದಿತು. ಅದರ ಮೇಲೆ ಒಂದು ಚಾಟ್ ಆ್ಯಪ್ ಪೂರ್ತಿ ಪರದೆ ಹರಡಿಕೊಂಡಿತು. ಲೆಕ್ಕದ ಸಾಫ್ಟ್‌ವೇರ್ ಇವೆರಡರ ಹಿಂದೆ ಎಲ್ಲೋ ತಿರುಗುತ್ತಿತ್ತು. ‘ನೋಡಿ, ದಿನಾ ಇದೇ ಗೋಳು. ಜನ ಕಾಯ್ತಾರೆ, ನಂಗೆ ಬೈತಾರೆ’ ಎಂದರು ರೈಟರು.

ಅವರದ್ದು ಸಾದಾ ಅಕೌಂಟು. ಅಡ್ಮಿನ್ ಅಕೌಂಟು ಸಾಹುಕಾರರದ್ದು. ನಾನು ಆಟೋರನ್ಸ್ ತೆರೆದು ಪ್ರಿಂಟರ್ ಸಾಲಿನ ಟಿಕ್ ತೆಗೆದೆ. ಆಕ್ಸೆಸ್ ಡಿನೈಡ್. ಕಣಜದ ಸಾಲು, ಬಂದೇ ಬರುತ್ತದೆ. ಸಾಹುಕಾರರನ್ನು ಕರೆದು, ಅವರ ಪಾಸ್‌ವರ್ಡ್ ಹಾಕಿಸಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆದೆ. ಪ್ರಿಂಟರ್ ಸಾಲಿನ ಟಿಕ್ ತೆಗೆದೆ, ಚಾಟ್ ಆ್ಯಪ್‌ನದ್ದನ್ನೂ ತೆಗೆದೆ. ಒಂದೂ ತಕರಾರಿಲ್ಲ. ರೀಸ್ಟಾರ್ಟ್ ಮಾಡಿದೆವು. ಪ್ರಿಂಟರಿನದ್ದು ಏಳಲಿಲ್ಲ. ಚಾಟ್ ಆ್ಯಪ್ ಮಾತ್ರ ಮೊದಲಿನ ಹಾಗೆಯೇ ಪರದೆ ತುಂಬ ಬಂದು ಕೂತಿತು.

ಮತ್ತೆ ಅಡ್ಮಿನ್ ಆಗಿ ತೆರೆದು ನೋಡಿದರೆ ಟಿಕ್ ಇಲ್ಲ. ತೆಗೆದದ್ದು ತೆಗೆದ ಹಾಗೆಯೇ ಇದೆ. ವೈರಸ್ ಇರಬಹುದು ಎಂದುಕೊಂಡು ಸ್ಕ್ಯಾನ್ ಮಾಡಿದೆ. ಆ್ಯಪನ್ನೇ ಕಿತ್ತು ಹಾಕುವ ಯೋಚನೆ ಮಾಡಿದೆ. ಆಮೇಲೆ ಹೊಳೆಯಿತು. ನಾನು ಹಾಕಿಸಿದ್ದು ಸಾಹುಕಾರರ ಪಾಸ್‌ವರ್ಡ್. ಅಂದರೆ ಆಟೋರನ್ಸ್ ತೆರೆದದ್ದು ಸಾಹುಕಾರರ ಹೆಸರಿನಲ್ಲಿ. ಅದಕ್ಕೆ ‘ಕರೆಂಟ್ ಯೂಸರ್’ ಎಂದರೆ ಕುರ್ಚಿಯಲ್ಲಿ ಕೂತ ರೈಟರು ಅಲ್ಲ, ಸಾಹುಕಾರರು. ಆ ಚಾಟ್ ಆ್ಯಪ್ ಇಬ್ಬರ ಅಕೌಂಟಿನಲ್ಲೂ ಬೇರೆ ಬೇರೆಯಾಗಿ ಕೂತಿತ್ತು. ನಾನು ಸಾಹುಕಾರರ ಟ್ರಂಕಿನಿಂದ ತೆಗೆದಿದ್ದೆ. ರೈಟರ ಟ್ರಂಕು ಮುಟ್ಟಿಯೇ ಇರಲಿಲ್ಲ.

ಎಲ್ಲ ಮುಚ್ಚಿ, ರೈಟರ ಲಾಗಿನ್‌ನಲ್ಲಿ ಯಾವ ಪಾಸ್‌ವರ್ಡೂ ಹಾಕದೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಚಾಟ್ ಆ್ಯಪ್ ಮೇಲೆ ರೈಟ್ ಕ್ಲಿಕ್, ಡಿಸೇಬಲ್. ಅಷ್ಟೇ. ಆಟೋರನ್ಸ್‌ನಲ್ಲೇ ಮಾಡಬೇಕೆಂದರೆ ಅದರ ‘ಯೂಸರ್’ ಮೆನುವಿನಲ್ಲಿ ಯಾರ ಅಕೌಂಟು ಎಂದು ಆರಿಸಿಕೊಳ್ಳಬಹುದು. ಆ ಮೆನುವಿನ ಕಡೆ ನಾನು ಅವತ್ತಿನವರೆಗೆ ಸರಿಯಾಗಿ ಕಣ್ಣು ಹಾಯಿಸಿರಲಿಲ್ಲ. ಅಂದಿನಿಂದ ಎರಡು ಅಕೌಂಟ್ ಇರುವ ಕಂಪ್ಯೂಟರ್ ಎಂದರೆ ಮೊದಲು ಆ ಮೆನು ನೋಡುತ್ತೇನೆ. ರಿಜಿಸ್ಟ್ರಿ ಎಡಿಟರ್‌ನಲ್ಲೂ ಇದೇ ಕತೆ. ಬೇರೆಯವರ ಪಾಸ್‌ವರ್ಡ್ ಹಾಕಿ ತೆರೆದರೆ ಅದು ತೋರಿಸುವ ‘ಕರೆಂಟ್ ಯೂಸರ್’ ಅವರೇ.

ಡಿಸೇಬಲ್ ಮತ್ತು ಡಿಲೀಟ್ ನಡುವಿನ ವ್ಯತ್ಯಾಸವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸೇಬಲ್ ಮಾಡಿದರೆ ಆ ಸಾಲು ಅಳಿಸಿಹೋಗುವುದಿಲ್ಲ. ‘ಸ್ಟಾರ್ಟಪ್ ಅಪ್ರೂವ್ಡ್’ ಎಂಬ ಬೇರೊಂದು ಜಾಗದಲ್ಲಿ, ಇದನ್ನು ಎಬ್ಬಿಸಬೇಡ ಎಂಬ ಗುರುತು ಮಾತ್ರ ಬೀಳುತ್ತದೆ. ಆಟೋರನ್ಸ್ ಟಿಕ್ ತೆಗೆದಾಗ ಸಾಲನ್ನೇ ಎತ್ತಿ ತನ್ನದೊಂದು ಪಕ್ಕದ ಜಾಗದಲ್ಲಿ ಇಡುತ್ತದೆ. ಹಾಗಾಗಿ ಆಟೋರನ್ಸ್‌ನಲ್ಲಿ ನಿಲ್ಲಿಸಿದ್ದು ಟಾಸ್ಕ್ ಮ್ಯಾನೇಜರ್‌ನಲ್ಲಿ ಕಾಣುವುದಿಲ್ಲ, ಅದು ಕಳೆದುಹೋಗಿಲ್ಲ. ಎರಡರಲ್ಲೂ ಮತ್ತೆ ಬೇಕೆಂದರೆ ವಾಪಸ್ ತರಬಹುದು. ಡಿಲೀಟ್ ಮಾಡಿದರೆ ಹೋಯಿತು. ಅದಕ್ಕೇ ಮೊದಲು ಡಿಸೇಬಲ್ ಮಾಡಿ, ಒಂದು ವಾರ ಕೆಲಸ ಮಾಡಿ ನೋಡಿ.

ಈಗ ಕಂಬ, ತೊಲೆಗೆ ಬರೋಣ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೂ ಆಕ್ಸೆಸ್ ಡಿನೈಡ್ ಬಂದರೆ ಅಲ್ಲಿ ನಿಂತು ಯೋಚನೆ ಮಾಡಬೇಕು.

ಆ್ಯಂಟಿವೈರಸ್‌ಗಳು ತಮ್ಮ ಸಾಲುಗಳನ್ನು ತಾವೇ ಕಾಯುತ್ತವೆ. ಕಾಯದಿದ್ದರೆ ವೈರಸ್ ಬಂದು ಮೊದಲು ಮಾಡುವ ಕೆಲಸ ಆ್ಯಂಟಿವೈರಸ್ಸನ್ನೇ ಆಫ್ ಮಾಡುವುದು, ಅಲ್ವಾ? ವಿಂಡೋಸ್ ಜೊತೆಗೇ ಬರುವ ಡಿಫೆಂಡರ್‌ನಲ್ಲಿ ಇದಕ್ಕೆ ‘ಟ್ಯಾಂಪರ್ ಪ್ರೊಟೆಕ್ಷನ್’ ಎನ್ನುತ್ತಾರೆ. ಸರ್ವಿಸಸ್ ಪಟ್ಟಿಯಲ್ಲಿ ಡಿಫೆಂಡರ್‌ನ ಸಾಲು ತೆರೆದರೆ ಸ್ಟಾರ್ಟಪ್ ಟೈಪ್ ಬೂದು ಬಣ್ಣಕ್ಕೆ ತಿರುಗಿ, ಒತ್ತಲು ಬರುವುದಿಲ್ಲ. ಅದು ಕೆಟ್ಟಿಲ್ಲ, ಸರಿಯಾಗಿಯೇ ಇದೆ. ನೀವೇ ಹಾಕಿಕೊಂಡ ಬೇರೆ ಆ್ಯಂಟಿವೈರಸ್ ಈಗ ಬೇಡ ಎಂದಾದರೆ ಅದರ ಸೆಟ್ಟಿಂಗ್ಸ್ ಒಳಗಿನಿಂದಲೇ ನಿಲ್ಲಿಸಿ, ಇಲ್ಲವೇ ಅನ್‌ಇನ್‌ಸ್ಟಾಲ್ ಮಾಡಿ. ಹಿಂಬಾಗಿಲಿನಿಂದ ಅದರ ಸಾಲು ಕೀಳಲು ಹೋಗಬೇಡಿ.

ವಿಂಡೋಸ್‌ನ ಸ್ವಂತ ಫೈಲುಗಳ ಮಾಲೀಕನ ಹೆಸರು ನೋಡಿದರೆ ಬಹಳ ಕಡೆ ‘ಟ್ರಸ್ಟೆಡ್ ಇನ್‌ಸ್ಟಾಲರ್’ ಎಂದು ಕಾಣುತ್ತದೆ. ಅದು ಯಾವ ಮನುಷ್ಯನೂ ಅಲ್ಲ, ವಿಂಡೋಸ್ ಅಪ್‌ಡೇಟ್ ಹಾಕುವ ಸರ್ವಿಸ್. ಅಲ್ಲಿಯೂ ಕೈ ಬೇಡ. ಬ್ಯಾಂಕು, ಕಾಲೇಜು, ದೊಡ್ಡ ಆಫೀಸಿನ ಕಂಪ್ಯೂಟರ್ ಆಗಿದ್ದರೆ ‘ನಿಮ್ಮ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ’ ಎಂಬ ಅರ್ಥದ ಸಾಲು ಸೆಟ್ಟಿಂಗ್ಸ್‌ನಲ್ಲಿ ಕಾಣಬಹುದು. ಅಲ್ಲಿನ ಸಿಸ್ಟಮ್ ನೋಡಿಕೊಳ್ಳುವವರನ್ನೇ ಕೇಳಿ. ಮನೆಯ ಕಂಪ್ಯೂಟರಿನಲ್ಲಿ ಅದೇ ಸಾಲು ಕಂಡರೆ, ಹಿಂದೆ ಯಾರೋ ಹಾಕಿದ ‘ಸ್ಪೀಡ್ ಮಾಡುವ’ ಸಾಧನ ಪಾಲಿಸಿ, ಅಂದರೆ ವಿಂಡೋಸ್‌ನ ಕಟ್ಟುಪಾಡು, ಬದಲಿಸಿರಬಹುದು.

ವೈರಸ್ಸಿನ ನಡವಳಿಕೆ ಬೇರೆ. ಅಲ್ಲಿ ಸಾಲು ತೆಗೆಯಲು ಬಿಡುತ್ತದೆ, ಒಂದು ನಿಮಿಷದಲ್ಲಿ ಮತ್ತೆ ಹುಟ್ಟುತ್ತದೆ. ಹೆಸರು ಅರ್ಥವಿಲ್ಲದ ಅಕ್ಷರಗಳ ಸರ, ಫೈಲು ಇರುವುದು ಟೆಂಪ್ ಫೋಲ್ಡರ್‌ನಲ್ಲಿ, ತಯಾರಕರ ಸಹಿ ಇಲ್ಲ. ಈ ಮೂರೂ ಸೇರಿದರೆ ಅನುಮಾನ ಪಡಿ. ಶಿಫ್ಟ್ ಒತ್ತಿಹಿಡಿದು ರೀಸ್ಟಾರ್ಟ್ ಕೊಟ್ಟು, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ದಾರಿಯಲ್ಲಿ ಹೋಗಿ, ಮತ್ತೆ ರೀಸ್ಟಾರ್ಟ್ ಆದಾಗ 4 ಒತ್ತಿದರೆ ಸೇಫ್ ಮೋಡ್ ತೆರೆಯುತ್ತದೆ. ಅಲ್ಲಿ ‘ರನ್’ ಜಾಗದ ಸಾಲುಗಳು ಸಾಮಾನ್ಯವಾಗಿ ಏಳುವುದಿಲ್ಲ. ಕಾವಲು ಕಾಯುವ ಪ್ರೋಗ್ರಾಮ್ ಮಲಗಿರುವಾಗ ಅದರ ಸಾಲು ತೆಗೆಯುವುದು ಸುಲಭ.

ಇನ್ನು ಉಳಿದದ್ದು ನಿಜಕ್ಕೂ ಕೆಟ್ಟುಹೋದ ಪರ್ಮಿಷನ್. ಹಳೆಯ ಸಾಫ್ಟ್‌ವೇರ್ ಅರ್ಧಂಬರ್ಧ ಅನ್‌ಇನ್‌ಸ್ಟಾಲ್ ಆಗಿ, ತನ್ನ ಸಾಲಿನ ಬೀಗ ಹಾಕಿಯೇ ಹೋಗಿರುತ್ತದೆ. ಇದು ಅಪರೂಪ. ಆದರೆ ಇಂಟರ್ನೆಟ್‌ನಲ್ಲಿ ಎಲ್ಲರೂ ಮೊದಲು ಹೇಳಿಕೊಡುವುದು ಇದರ ಮದ್ದನ್ನೇ: ಮಾಲೀಕತ್ವ ತೆಗೆದುಕೊಳ್ಳುವುದು. ವಿಂಡೋಸ್‌ನಲ್ಲಿ ಒಂದು ಜಾಗದ ಮಾಲೀಕನಿಗೆ ಅದರ ಪರ್ಮಿಷನ್ ಬದಲಿಸುವ ಹಕ್ಕು ಇರುತ್ತದೆ. ಅಡ್ಮಿನ್‌ಗೆ ಮಾಲೀಕನಾಗುವ ಹಕ್ಕು ಇರುತ್ತದೆ. ಹೀಗೆ ಎರಡು ಹೆಜ್ಜೆಯಲ್ಲಿ ಮುಚ್ಚಿದ ಬಾಗಿಲೂ ತೆರೆಯುತ್ತದೆ. ರಿಜಿಸ್ಟ್ರಿ ಎಡಿಟರ್‌ನಲ್ಲಿ ಮೊದಲು ಆ ಜಾಗವನ್ನು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಆಮೇಲೆ ರೈಟ್ ಕ್ಲಿಕ್, ಪರ್ಮಿಷನ್ಸ್, ಅಡ್ವಾನ್ಸ್ಡ್. ಅಲ್ಲಿ ಓನರ್ ಎದುರಿನ ‘ಚೇಂಜ್’ ಒತ್ತಿ ಅಡ್ಮಿನಿಸ್ಟ್ರೇಟರ್ಸ್ ಗುಂಪನ್ನು ಹಾಕಿ, ಅದೇ ಗುಂಪಿಗೆ ಫುಲ್ ಕಂಟ್ರೋಲ್ ಕೊಡಿ. ತೊಂದರೆ ಕೊಡುವ ಆ ಒಂದು ಜಾಗಕ್ಕೆ ಮಾತ್ರ. ‘ಎವ್ರಿವನ್’ ಗೆ ಖಂಡಿತ ಕೊಡಬೇಡಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಒಂದು ಡಿಟಿಪಿ ಅಂಗಡಿಯ ಹುಡುಗ ಒಂದೇ ಒಂದು ಸ್ಟಾರ್ಟಪ್ ಸಾಲಿಗಾಗಿ ಇಡೀ ಸಿ ಡ್ರೈವ್‌ನ ಮಾಲೀಕತ್ವ ತೆಗೆದುಕೊಂಡು ಎಲ್ಲರಿಗೂ ಫುಲ್ ಕಂಟ್ರೋಲ್ ಕೊಟ್ಟಿದ್ದ. ಸಾಲು ಹೋಯಿತು. ಜೊತೆಗೆ ಸ್ಟಾರ್ಟ್ ಮೆನು ತೆರೆಯುವುದು ನಿಂತಿತು, ಅಪ್‌ಡೇಟ್ ಕೂರುತ್ತಿರಲಿಲ್ಲ. ಮದುವೆ ಸೀಸನ್, ಲಗ್ನಪತ್ರಿಕೆಗಳ ಕೆಲಸ ರಾಶಿ ಬಿದ್ದಿತ್ತು. ಅಷ್ಟು ಫೈಲುಗಳ ಪರ್ಮಿಷನ್ ಒಂದೊಂದಾಗಿ ಸರಿಮಾಡಲು ಆಗುವುದಿಲ್ಲ. ವಿಂಡೋಸ್ ಹೊಸದಾಗಿ ಹಾಕಬೇಕಾಯಿತು, ಎರಡು ದಿನ ಹೋಯಿತು. ಯೂಸರ್ ಅಕೌಂಟ್ ಕಂಟ್ರೋಲ್ ಅನ್ನೇ ಆಫ್ ಮಾಡುವ ಸಲಹೆಯೂ ಇದೇ ಜಾತಿಯದ್ದು. ಒಂದು ಸಾಲಿಗಾಗಿ ಮನೆಯ ಹೆಬ್ಬಾಗಿಲು ಕಿತ್ತಿಡಬೇಡಿ.

ಕೊನೆಗೆ ತಿರುಗಾಮುರುಗಾ ತೊಂದರೆ ಒಂದು. ಏಳಬೇಕಾದ ಪ್ರೋಗ್ರಾಮ್ ಏಳದಿರುವುದು. ಹೊಸನಗರ ಕಡೆಯ ಹಾಲಿನ ಸೊಸೈಟಿಯ ಕಾರ್ಯದರ್ಶಿ ಒಬ್ಬರು ಲ್ಯಾಪ್‌ಟಾಪಿನಲ್ಲಿ ಲೆಕ್ಕ ಇಡುತ್ತಾರೆ. ಲಾಗಿನ್ ಆದ ಕೂಡಲೇ ಬ್ಯಾಕಪ್ ಪ್ರೋಗ್ರಾಮ್ ಓಡಬೇಕು ಎಂದು ಅದನ್ನು ಸ್ಟಾರ್ಟಪ್ ಫೋಲ್ಡರ್‌ಗೆ ಹಾಕಿದ್ದರು. ಓಡುತ್ತಿರಲಿಲ್ಲ. ಅಡ್ಮಿನ್ ಅಧಿಕಾರ ಬೇಡುವ ಪ್ರೋಗ್ರಾಮನ್ನು ಅಲ್ಲಿ ಹಾಕಿದರೆ ಸಾಮಾನ್ಯವಾಗಿ ಅದು ಏಳುವುದೇ ಇಲ್ಲ, ಎರರ್ ಕೂಡ ಬರುವುದಿಲ್ಲ. ಅದಕ್ಕೆ ಸರಿಯಾದ ಜಾಗ ಟಾಸ್ಕ್ ಶೆಡ್ಯೂಲರ್. ಅದನ್ನು ಅಡ್ಮಿನಿಸ್ಟ್ರೇಟರ್ ಆಗಿಯೇ ತೆರೆಯಿರಿ. ಹಾಗೆ ತೆರೆಯದಿದ್ದರೆ ನಿಮಗೆ ಹಕ್ಕಿಲ್ಲದ ಕೆಲಸಗಳು ಪಟ್ಟಿಯಲ್ಲಿ ಕಾಣುವುದೂ ಇಲ್ಲ. ಹೊಸ ಟಾಸ್ಕ್ ಮಾಡಿ, ‘ರನ್ ವಿತ್ ಹೈಯೆಸ್ಟ್ ಪ್ರಿವಿಲೇಜಸ್’ ಟಿಕ್ ಮಾಡಿ, ಟ್ರಿಗರ್‌ನಲ್ಲಿ ‘ಅಟ್ ಲಾಗಾನ್’ ಆರಿಸಿದೆವು. ಓಡಿತು.

ನಾಲ್ಕು ದಿನ ಬಿಟ್ಟು ಅವರ ಫೋನ್ ಬಂತು. ‘ಮನೇಲಿ ಓಡ್ತದೆ, ಸೊಸೈಟಿಲಿ ಓಡಲ್ಲ. ಮತ್ತೆ ಪರ್ಮಿಷನ್ ಹೋಯ್ತಾ ಹೇಳಿ?’ ಪರ್ಮಿಷನ್ ಹೋಗಿರಲಿಲ್ಲ. ಸೊಸೈಟಿಯಲ್ಲಿ ಬೆಳಿಗ್ಗೆ ಹಾಲು ಅಳೆಯುವ ಹೊತ್ತಿಗೆ ಕರೆಂಟು ಇರುತ್ತಿರಲಿಲ್ಲ, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಇರುತ್ತಿತ್ತು. ಟಾಸ್ಕ್ ಶೆಡ್ಯೂಲರ್‌ನ ‘ಕಂಡಿಷನ್ಸ್’ ಪುಟದಲ್ಲಿ, ಕಂಪ್ಯೂಟರ್ ಎಸಿ ಪವರ್‌ನಲ್ಲಿ, ಅಂದರೆ ಕರೆಂಟಿನಲ್ಲಿ, ಇದ್ದರೆ ಮಾತ್ರ ಈ ಕೆಲಸ ಶುರುಮಾಡು ಎಂಬ ಒಂದು ಟಿಕ್ ಮೊದಲೇ ಹಾಕಿರುತ್ತದೆ. ಫೋನಿನಲ್ಲೇ ಹೇಳಿಕೊಟ್ಟು ಆ ಟಿಕ್ ತೆಗೆಸಿದೆ. ಚಾರ್ಜರ್ ಕಿತ್ತು ಒಂದು ಸಲ ರೀಸ್ಟಾರ್ಟ್ ಮಾಡಿ ಎಂದೆ. ‘ಕೀಳೂದು ಎಂತ, ಇಲ್ಲಿ ಕರೆಂಟೇ ಇಲ್ಲ’ ಎಂದರು. ಎರಡು ನಿಮಿಷ ಇಬ್ಬರೂ ಸುಮ್ಮನೆ ಫೋನ್ ಹಿಡಿದುಕೊಂಡಿದ್ದೆವು. ಅವರ ಕಡೆ ಮಳೆ ಹೆಂಚಿನ ಮೇಲೆ ಹೊಯ್ಯುವ ಸದ್ದು ಕೇಳುತ್ತಿತ್ತು. ಆಮೇಲೆ ‘ಹಾ, ಬಂತು, ಬ್ಯಾಕಪ್ ಶುರುವಾಯ್ತು’ ಎಂದರು.